ಗೆರಾಂದ್‌ನ ಉಪ್ಪಿನ ಆಗರದಲ್ಲಿ ಆಯಿ

ಆಗಸ್ಟ್ 6, 2022, ಶನಿವಾರ. ನಾಂತ್, ಫ್ರಾನ್ಸ್

ಆಯಿ ಇವತ್ತು ಒಬ್ಬರ ಹತ್ತಿರ ಅರ್ಧ ತಾಸು ಮಾತಾಡಿದಳು. ಆಯಿಗೆ ಫ್ರೆಂಚ್ ಬರದು, ಅವರಿಗೆ ಕನ್ನಡ ಬರದು, ನಡುವೆ ನಾನು. ರಾತ್ರಿ ಹತ್ತೂವರೆ ಆಯ್ತು, ಕಾಲು ಸೋತಿದೆ, ಆದರೂ ಇದನ್ನು ಬರೆದೇ ಮಲಗಬೇಕು.

ಇವತ್ತು ಹೋಗಿದ್ದ ಗೆರಾಂದ್ ಊರು ಚೆನ್ನಾಗಿದೆ. 15ನೇ ಶತಮಾನದಲ್ಲಿ ಮುಗಿದ ಕೋಟೆಗೋಡೆ ಇನ್ನೂ ಊರ ಸುತ್ತ ನಿಂತಿದೆ. ಒಳಗೆ ಕಲ್ಲಿನ ಓಣಿಗಳು, ದೊಡ್ಡ ಇಗರ್ಜಿ, ತುಂಬ ಜನ. ಆಯಿ ಒಂದು ಸುತ್ತು ಹಾಕಿ, "ಕೂಸೇ, ಕೋಟೆ ಸಾಕು. ಉಪ್ಪು ಬೆಳೆಯುವಲ್ಲಿ ಕರ್ಕೊಂಡು ಹೋಗು" ಅಂದಳು. ಅವಳ ಅಪ್ಪ, ಅಂದರೆ ನನ್ನ ಅಜ್ಜ, ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಆಗರದಲ್ಲೇ ಜೀವನ ಕಳೆದವನು. ಅವಳು ಇಷ್ಟು ದೂರ ಬಂದದ್ದು ನನ್ನನ್ನು ನೋಡಲು ಮಾತ್ರ ಅಲ್ಲ ಅಂತ ನನಗೆ ಆಗಲೇ ಗೊತ್ತಾಯಿತು.

ಕೋಟೆಯಿಂದ ಕೆಳಗಿಳಿದರೆ ಸುಮಾರು 2,000 ಹೆಕ್ಟೇರು ಬರೀ ಉಪ್ಪಿನ ಆಗರ. ದೂರದಲ್ಲಿ ಬಾ ಸುರ್ ಮೇರ್ ಊರಿನ ಇಗರ್ಜಿಯ ಗೋಪುರ. ಉಳಿದದ್ದೆಲ್ಲ ನೀರು, ಜೇಡಿಮಣ್ಣಿನ ಸಣ್ಣ ಬದು, ಬಿಸಿಲು. ಬದುವಿನ ಮೇಲೆ ಒಬ್ಬ ಹೆಂಗಸು ಬರಿಗಾಲಲ್ಲಿ ನಿಂತು ಉಪ್ಪು ಎಳೆಯುತ್ತಿದ್ದರು. ನಲವತ್ತರ ಆಸುಪಾಸು. ಕೈಯಲ್ಲಿ ಐದು ಮೀಟರ್ ಉದ್ದದ ಕೋಲು, ತುದಿಗೆ ಅಡ್ಡ ಹಲಗೆ. ಗದ್ದೆಯಲ್ಲಿ ನೀರು ಒಂದು ಬೆರಳು ದಪ್ಪವೂ ಇರಲಿಲ್ಲ. ಹಲಗೆ ಮಣ್ಣಿಗೆ ತಾಗಿದರೆ ಉಪ್ಪು ಕೆಸರಾಗುತ್ತದೆ. ಅದಕ್ಕೆ ಅವರು ಮೊದಲು ನೀರನ್ನು ತಳ್ಳಿ ಸಣ್ಣ ಅಲೆ ಎಬ್ಬಿಸುತ್ತಾರೆ. ಅಲೆಯ ಜೊತೆ ತಳದ ಉಪ್ಪು ಮೇಲೆದ್ದು ಸರಿಯುತ್ತದೆ. ಅದನ್ನು ಮೆಲ್ಲಗೆ ಎಳೆದು ಗುಡ್ಡೆ ಹಾಕುತ್ತಾರೆ. ಬೂದು ಬಣ್ಣದ ದಪ್ಪ ಹರಳು.

ಆಯಿ ಕಣ್ಣು ಕೀಳಲಿಲ್ಲ. "ಕೈ ಹಗುರ ಇದೆ ಇವಳದ್ದು. ಅಪ್ಪ ಇದನ್ನೇ ಹೇಳ್ತಿದ್ದ, ಮಣ್ಣು ಎಬ್ಬಿಸಬೇಡಿ ಅಂತ."

ಅದನ್ನು ನಾನು ಫ್ರೆಂಚಿನಲ್ಲಿ ಹೇಳಿದೆ. ಅವರು ಕೋಲು ಕೆಳಗಿಟ್ಟು ನಮ್ಮ ಹತ್ತಿರ ಬಂದರು. ಆಮೇಲೆ ಆಯಿಯನ್ನು ಹಿಡಿಯೋರು ಯಾರು! ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ? ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತದಲ್ಲಿ, ಹದಿನೈದು ದಿನಕ್ಕೊಮ್ಮೆ. ಮಳೆ ಬಂದರೆ? ಎಲ್ಲ ಹೋಯ್ತು, ಮತ್ತೆ ನೀರು ಕಟ್ಟಿ ಕಾಯಬೇಕು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ ಉಪ್ಪು. ನಮ್ಮಲ್ಲಿ ಆ ತಿಂಗಳುಗಳಲ್ಲಿ ಆಗರ ಮಳೆನೀರಲ್ಲಿ ಮುಳುಗಿರುತ್ತದೆ ಅಂದಾಗ ಅವರು ಬಾಯಿ ಬಿಟ್ಟು ನೋಡಿದರು. ಈ ವರ್ಷ ಇಲ್ಲಿ ಮಳೆಯೇ ಇಲ್ಲ. ಹೋದ ಜುಲೈಯಷ್ಟು ಒಣ ಜುಲೈ 1959ರಿಂದೀಚೆಗೆ ಫ್ರಾನ್ಸಿನಲ್ಲಿ ಬಂದಿಲ್ಲವಂತೆ. ಉಪ್ಪು ರಾಶಿ ರಾಶಿ. "ಆದರೆ ನನ್ನ ಅಣ್ಣ ಹಸು ಸಾಕಿದ್ದಾನೆ, ಅವನಿಗೆ ಹುಲ್ಲಿಲ್ಲ. ಅವನ ಮುಂದೆ ನಾನು ಉಪ್ಪಿನ ಸುದ್ದಿಯನ್ನೇ ಎತ್ತುವುದಿಲ್ಲ" ಅಂದರು.

ಆಯಿ ಕೊನೆಗೆ ಕೇಳಿದ್ದು, "ಇದು ನಿಮ್ಮ ಮನೆತನದ ಕೆಲಸವಾ?"

ಅಲ್ಲವಂತೆ. ಅವರ ಮನೆಯಲ್ಲಿ ಯಾರೂ ಆಗರಕ್ಕೆ ಇಳಿದವರಲ್ಲ. ಮೊದಲು ಆಫೀಸಲ್ಲಿ ಕೆಲಸ. ಅದನ್ನು ಬಿಟ್ಟು, ಇದನ್ನು ಕಲಿಸುವ ಕೋರ್ಸಿಗೆ ಸೇರಿದರು. ಹೌದು, ಉಪ್ಪು ತೆಗೆಯುವುದಕ್ಕೆ ಇಲ್ಲಿ ಕೋರ್ಸ್ ಇದೆ, 1979ರಿಂದ. 1970ರ ಸುಮಾರಿಗೆ ಈ ಆಗರಗಳ ಕಥೆ ಮುಗಿದಂತೆಯೇ ಇತ್ತು. ಇದನ್ನು ತುಂಬಿಸಿ ಪ್ರವಾಸಿಗರ ದೋಣಿಗಳಿಗೆ ಬಂದರುಕಟ್ಟೆ, ರಸ್ತೆ ಮಾಡುವ ಯೋಚನೆ ನಡೆದಿತ್ತು. ಉಪ್ಪಿನವರು ಒಟ್ಟಾಗಿ ಎದುರು ನಿಂತರು. ಆಮೇಲೆ ಸಹಕಾರಿ ಸಂಘ ಕಟ್ಟಿಕೊಂಡರು, ತಮ್ಮ ಉಪ್ಪಿಗೆ ತಾವೇ ಬೆಲೆ ಹೇಳಿದರು. 1999ರ ಡಿಸೆಂಬರಿನಲ್ಲಿ ಎರಿಕಾ ಅನ್ನುವ ಎಣ್ಣೆ ಹಡಗು ಮುರಿದು ಈ ಕರಾವಳಿಗೆಲ್ಲ ಡಾಂಬರಿನಂಥ ಎಣ್ಣೆ ಬಂದಾಗ, ಸಮುದ್ರದ ನೀರು ಒಳಗೆ ಬಾರದಂತೆ ಕಾಲುವೆಗಳ ಬಾಯಿ ಮುಚ್ಚಿ ಆಗರ ಉಳಿಸಿದರಂತೆ.

ಆಯಿ ಸುಮ್ಮನಾದಳು. ನಾನು ಗಾಬರಿಯಾಗಿ ಮುಖ ನೋಡಿದೆ. "ಅಪ್ಪನಿಗೆ ಮಗಳು ಶಾಲೆಗೆ ಹೋಗಿ ಆಗರದಿಂದ ದೂರ ಆದ್ರೆ ಸಾಕಿತ್ತು. ಇವಳು ಓದಿ, ಇದನ್ನೇ ಬೇಕು ಅಂತ ಹುಡುಕ್ಕೊಂಡು ಬಂದಿದ್ದಾಳೆ."

ಇದನ್ನು ನಾನು ಅವರಿಗೆ ಹೇಳಲಿಲ್ಲ. ನನಗೆ ಗಂಟಲು ಕಟ್ಟಿತ್ತು.

ಮಧ್ಯಾಹ್ನ ಗಲೆತ್ ತಿಂದೆವು. ಕುಟ್ಟು (ಬಕ್‌ವೀಟ್) ಹಿಟ್ಟಿನದ್ದು, ದೊಡ್ಡ ದುಂಡು ಕಾವಲಿಯ ಮೇಲೆ ಮರದ ಸಣ್ಣ ಅಡ್ಡಕೋಲಿನಿಂದ ತಿರುಗಿಸಿ ಹರಡುತ್ತಾರೆ, ನಮ್ಮ ತೆಳ್ಳೇವು ದೋಸೆಯಷ್ಟೇ ತೆಳು. ಆಯಿಗೆ ಹಂದಿಮಾಂಸ, ಮೊಟ್ಟೆ ಬಿಡಿಸಿ ಅಣಬೆ, ಚೀಸ್ ಹಾಕಿಸಿದೆ. ಬೆಣ್ಣೆ ಬಾಯಿಗಿಟ್ಟು "ಇದಕ್ಕೆ ಎಂತಕ್ಕೆ ಉಪ್ಪು?" ಅಂದಳು. ರಾಜರ ಕಾಲದಲ್ಲಿ ಫ್ರಾನ್ಸಿನ ಬಹುಪಾಲು ಜನ ಉಪ್ಪಿಗೆ ಭಾರೀ ತೆರಿಗೆ ಕೊಡಬೇಕಿತ್ತು, ಪಶ್ಚಿಮದ ಬ್ರಿಟನಿ ಪ್ರಾಂತಕ್ಕೆ ಆ ತೆರಿಗೆ ಇರಲಿಲ್ಲ. ಆಗ ಗೆರಾಂದ್ ಬ್ರಿಟನಿಯದ್ದೇ. ಉಪ್ಪು ಅಗ್ಗ, ಹಾಗಾಗಿ ಬೆಣ್ಣೆಗೂ ಧಾರಾಳ. ಗಡಿ ದಾಟಿಸಿ ಕಳ್ಳಸಾಗಣೆ ಮಾಡಿ ಸಿಕ್ಕಿಬಿದ್ದವರಿಗೆ ಘೋರ ಶಿಕ್ಷೆ. 1790ರಲ್ಲಿ, ಕ್ರಾಂತಿ ಆದ ಮೇಲೆ ಆ ತೆರಿಗೆ ಹೋಯಿತು. "ನಮ್ಮ ಅಂಕೋಲೆಯವರು 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ್ದೂ ಇದೇ ಜಗಳಕ್ಕಲ್ವಾ" ಅಂದಳು ಆಯಿ, ಪಕ್ಕದ ಮನೆಯ ಸುದ್ದಿ ಹೇಳಿದ ಹಾಗೆ.

ಅಂಗಡಿಯಲ್ಲಿ ಫ್ಲರ್ ದ ಸೆಲ್‌ನ ಪುಟ್ಟ ಡಬ್ಬ ನೋಡಿದಳು. ನೀರಿನ ಮೇಲೆ ಕೆನೆ ಕಟ್ಟುವ ಬಿಳಿ ಉಪ್ಪು ಅದು. ಬೆಲೆಯನ್ನು ರೂಪಾಯಿಯಲ್ಲಿ ಹೇಳಿದೆ. ಡಬ್ಬ ಕೆಳಗಿಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿಕೊಂಡಳು. "ಇಷ್ಟು ಕೊಟ್ಟರೆ ನಮ್ಮಲ್ಲೂ ಹುಡುಗರು ಆಗರಕ್ಕೆ ಇಳೀತಿದ್ರು" ಅಂದಳು.

ಅದೇ ಮಾತು ತಲೆಯಲ್ಲಿ ಕೊರೆಯುತ್ತಿದೆ. ಬರೀ ದುಡ್ಡಿನ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಇಲ್ಲಿ ಉಪ್ಪಿನವರನ್ನು ಜನ ಮಾತಾಡಿಸುವ ರೀತಿಯೇ ಬೇರೆ. ನಮ್ಮಲ್ಲಿ ಅಜ್ಜನನ್ನು ಹಾಗೆ ನಿಲ್ಲಿಸಿ, ಕೈ ಹೇಗೆ ಆಡಿಸ್ತೀರಿ ಅಂತ ಯಾರಾದರೂ ಕೇಳಿದ್ದರಾ? ಮನೆಯವರಾದರೂ? ಮಳೆಗಾಲ ಕಳೆದು ಆಗರ ಹದ ಮಾಡುವ ಹೊತ್ತಿಗೆ ರಜೆ ಸಿಕ್ಕರೆ ಊರಿಗೆ ಹೋಗಬೇಕು. ಮಾವನಿಗೆ ಇನ್ನೂ ಎಲ್ಲ ನೆನಪಿದೆ, ಅವನನ್ನು ಕೂರಿಸಿಕೊಂಡು ಕೇಳಿ ಬರೆದಿಟ್ಟರೆ, ಆಮೇಲೆ ಅದನ್ನು ಯಾರಿಗೆ ಕಲಿಸೋದು, ಕಲಿಯೋಕೆ ಬರುವವರು ಯಾರು…