ಹದಿನಾರು ಮಕ್ಳು, ಮೂವತ್ತು ದಿನ: ಅವೆಂಜರ್ಸ್ ಅರೀನಾ ಓದಿದ್ ಮೇಲೆ

ಮಾರ್ವೆಲ್ ಕಂಪ್ನಿಯ ಅವೆಂಜರ್ಸ್ ಅರೀನಾ ಕಾಮಿಕ್ಸಲ್ಲಿ ಮೊದಲ್ನೇ ಸಂಚಿಕೆಲೇ ಮೆಟಲ್ ಅನ್ನೋ ಹುಡುಗ ಸಾಯ್ತಾನೆ. ಸ್ಪಾಯ್ಲರ್ ಕೊಟ್ಬಿಟ್ಟ ಅಂತ ಬೈಬೇಡಿ, ಕಾಮಿಕ್ಸ್ ಶುರುವಾಗಿದ್ದು 2012ರ ಡಿಸೆಂಬರಲ್ಲಿ, ಇಷ್ಟು ವರ್ಷ ಆದ್ಮೇಲೂ ಓದಿಲ್ಲ ಅಂದ್ರೆ ನಾನೇನ್ ಮಾಡ್ಲಿ, ಮುಂದೆ ಇನ್ನೂ ಇದೆ, ಬೇಡ ಅಂದ್ರೆ ಇಲ್ಲೇ ನಿಲ್ಸಿ.

ಕಥೆ ಸಿಂಪಲ್. ಆರ್ಕೇಡ್ ಅಂತ ಒಬ್ಬ ವಿಲನ್, ಮಾರ್ವೆಲಲ್ಲಿ 1978ರಿಂದ ಇದ್ದಾನೆ, ಜನರನ್ನ ಹಿಡ್ಕೊಂಡ್ ಹೋಗಿ ಮರ್ಡರ್‌ವರ್ಲ್ಡ್ ಅನ್ನೋ ತನ್ನ ಸಾವಿನ ಪಾರ್ಕಲ್ಲಿ ಬಿಡೋದೇ ಅವನ ಕಸುಬು, ಆದ್ರೆ ದೊಡ್ಡ ಹೀರೋಗಳ್ಯಾರೂ ಅಲ್ಲಿ ಸಾಯಲ್ಲ, ಹಂಗಾಗಿ ಬೇರೆ ವಿಲನ್‌ಗಳಿಗೆಲ್ಲ ಇವ್ನು ಜೋಕ್. ಈ ಸಲ ಅವ್ನು ಹದಿಹರೆಯದ 16 ಸೂಪರ್‌ಹೀರೋ ಮಕ್ಳನ್ನ ತಂದು ಹಾಕ್ತಾನೆ, 30 ದಿನ ಟೈಮು, ಒಬ್ರು ಮಾತ್ರ ಉಳೀಬೇಕು. ಐಡಿಯಾ ಎಲ್ಲಿಂದ ಬಂತು ಅಂತ ಯಾರೂ ಕೇಳೋದೇ ಬೇಡ, ಮೊದಲ ಸಂಚಿಕೆಯ ಮುಖಪುಟಾನೇ ಜಪಾನಿನ ಅದೇ ಥರದ ಸಿನಿಮಾ ಬ್ಯಾಟಲ್ ರಾಯಲ್ ಪೋಸ್ಟರ್ ನೋಡ್ಕೊಂಡು ಡೇವ್ ಜಾನ್ಸನ್ ಬರೆದಿರೋದು. ಕದ್ದಿದೀವಿ ಅಂತ ಬಾಗ್ಲಲ್ಲೇ ಬೋರ್ಡ್ ಹಾಕಿದ್ ಮೇಲೆ ಬೈಯೋದಾದ್ರೂ ಹೇಗೆ?

ಈ ಮಳೆಗಾಲ ವಿರಾಜಪೇಟೆ ಮನೇಲಿ ಕೂತು 18 ಸಂಚಿಕೆನೂ ಓದಿದೆ, ಕಕ್ಕಡದಲ್ಲಿ (ಕೊಡಗಿನ ಜೋರು ಮಳೆ ತಿಂಗಳು) ಕರೆಂಟ್ ನಂಬೋಕಾಗಲ್ಲ ಅಂತ ಮೊದ್ಲೇ ಟ್ಯಾಬಿಗೆ ಇಳ್ಸಿಟ್ಕೊಂಡಿದ್ದೆ, ಪಕ್ಕದಲ್ಲಿ ಚಿಕ್ಕಪ್ಪನ ಮಗ ಬೇರೆ ಕುತ್ಗೆ ಉದ್ದ ಮಾಡ್ಕೊಂಡು ಓದ್ತಾ ಇದ್ದ.

ಮೆಟಲ್ ವಿಷ್ಯಕ್ಕೆ ಬರ್ತೀನಿ. ಹ್ಯಾಜ್‌ಮ್ಯಾಟ್ ಅಂತ ಹುಡುಗಿ, ನಿಜವಾದ ಹೆಸ್ರು ಜೆನ್ನಿಫರ್ ಟಕೇಡಾ, ಅವ್ಳ ಮೈಯಿಂದ ವಿಕಿರಣ ಬರುತ್ತೆ, ಅದಕ್ಕೆ ಯಾವಾಗ್ಲೂ ಸೂಟ್ ಒಳಗೇ ಇರ್ಬೇಕು, ಯಾರನ್ನೂ ಮುಟ್ಟೋ ಹಾಗಿಲ್ಲ. ಮೆಟಲ್ ಮೈ ಪೂರ್ತಿ ಲೋಹ, ಅವನಿಗೆ ಮಾತ್ರ ಏನೂ ಆಗಲ್ಲ. ಅಂದ್ರೆ ಇಡೀ ಜಗತ್ತಲ್ಲಿ ಅವ್ಳು ಕೈ ಹಿಡೀಬಹುದಾದ ಹುಡುಗ ಅವನೊಬ್ನೇ. ಅವಳ ಜೀವ ಉಳ್ಸೋಕೆ ಅವ್ನು ಮೊದಲ ಸಂಚಿಕೆಲೇ ಹೋಗ್ಬಿಡ್ತಾನೆ. ಬರಹಗಾರ ಡೆನಿಸ್ ಹೋಪ್‌ಲೆಸ್ (ಹೆಸ್ರು ನೋಡಿ ಎಷ್ಟು ಸರಿಯಾಗಿದೆ) ಇಲ್ಲೇ ಹೇಳ್ಬಿಟ್ಟ, ನಾನು ಲೆಕ್ಕಕ್ಕೆ ಅಂತ ಸಾಯ್ಸಲ್ಲ, ನಿಮ್ಗೆ ನೋವಾಗೋ ಜಾಗ ಹುಡುಕಿ ಹೊಡೀತೀನಿ ಅಂತ. ಆಗಿನ ಓದುಗರು ಸಿಕ್ಕಾಪಟ್ಟೆ ಸಿಟ್ಟಾಗಿದ್ರು, ಈ ಮಕ್ಳು ಬೇರೆ ಬೇರೆ ಪುಸ್ತಕದಲ್ಲಿ ಬೆಳೆದವ್ರು, ಒಬ್ಬೊಬ್ರಿಗೂ ಅಭಿಮಾನಿಗಳಿದ್ರು. ಸಿಟ್ಟು ನ್ಯಾಯನೇ. ಆದ್ರೂ ಕಥೆ ಕೆಲಸ ಮಾಡುತ್ತೆ.

ಯಾಕೆ ಅಂದ್ರೆ ಸಂಚಿಕೆ ಸಂಚಿಕೆಗೂ ಒಬ್ರ ಕಡೆ ತಿರುಗಿ ಅವ್ರ ಮನೆ, ಹಿಂದಿನ ಬದುಕು ತೋರ್ಸಿ ಆಮೇಲೆ ಆಟಕ್ಕೆ ಇಳಿಸ್ತಾನೆ. ನಮ್ ಕಡೆ ಟೂರ್ನಮೆಂಟ್ ಅಂದ್ರೆ ಹಾಕಿ ನಮ್ಮೆ ತಾನೆ, ಅಂದ್ರೆ ಕೊಡವ ಮನೆತನಗಳ ಹಾಕಿ ಹಬ್ಬ, 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವ್ರು ಕರಡದಲ್ಲಿ ಶುರು ಮಾಡಿದ್ದು, ಅಲ್ಲಿ ಟೀಮಿಗೆ ಬೇರೆ ಹೆಸ್ರೇ ಇಲ್ಲ, ಮನೆತನದ ಹೆಸ್ರೇ ಹೆಸ್ರು, ಮೊದಲ ರೌಂಡಲ್ಲಿ ಸೋತು ಹೋಗೋ ಟೀಮ್ ನೋಡಿದ್ರೂ ಓ ಇವ್ರು ಇಂಥವ್ರ ಮನೆಯವ್ರು ಅಂತ ಗ್ಯಾಲರಿ ತುಂಬಾ ಮಾತು ನಡೆಯುತ್ತೆ. ಇಲ್ಲೂ ಹಂಗೇ, ಯಾರು ಸೋತ್ರು ಅನ್ನೋದಕ್ಕಿಂತ ಯಾವ ಮನೆಯಿಂದ ಬಂದವ್ರು ಅನ್ನೋದು ತಲೇಲಿ ಕೂರುತ್ತೆ. ಜಸ್ಟನ್ ಅನ್ನೋ ಹುಡುಗ ವಿಸ್ಕಾನ್ಸಿನ್ ಹಳ್ಳಿ ಕಡೆಯವ್ನು, ಅಪ್ಪನ ಗುಜರಿಯಲ್ಲಿ ಸಿಕ್ಕಿದ ಸೆಂಟಿನಲ್ ಅನ್ನೋ ದೈತ್ಯ ರೋಬೋಟನ್ನ ರಿಪೇರಿ ಮಾಡಿ ಸಾಕಿದವ್ನು, ಪವರ್ ಅಂತ ಅವನ ಹತ್ರ ಏನೂ ಇಲ್ಲ, ಆ ರೋಬೋಟಿಗೆ ಏಟು ಬಿದ್ದಾಗ ನನಗೆ ಬೇರೆಯವ್ರ ಸಾವಿಗಿಂತ ಜಾಸ್ತಿ ಸಂಕಟ ಆಯ್ತು.

ಕ್ಯಾಮಿಗೂ ಪವರ್ ಇಲ್ಲ, ಅಲಾಸ್ಕಾದ ಹುಡುಗಿ, ಬಾಯಿ ಮಾತ್ರ ಜೋರು, ನನ್ನ ಫೇವರಿಟ್.

ಈಗ ಚಿತ್ರ. ಕೆವ್ ವಾಕರ್ ಇಂಗ್ಲೆಂಡಿನವ್ನು, ಅಲ್ಲಿನ ವಾರಪತ್ರಿಕೆ ಕಾಮಿಕ್ಸಲ್ಲಿ ಪಳಗಿದ ಕೈ, ಗೆರೆ ದಪ್ಪ, ಕೋನ ಕೋನ, ನೆರಳು ಅಂದ್ರೆ ಗಟ್ಟಿ ಕಪ್ಪು. ಮೊದ್ಲು ನನಗೆ ಒರಟು ಅನ್ನಿಸ್ತು. ಆದ್ರೆ ಅವ್ನು ಹೊಡೆದಾಟಕ್ಕಿಂತ ಮುಖ ಚೆನ್ನಾಗಿ ಬರೀತಾನೆ, ಈ ಮಕ್ಳು ಮಕ್ಳ ಥರಾನೇ ಕಾಣ್ತಾರೆ, ನಿದ್ದೆ ಇಲ್ದೆ, ಹೆದ್ರಿ, ಹಸಿದು, ಒಬ್ರನ್ನೊಬ್ರು ಓರೆಗಣ್ಣಲ್ಲಿ ನೋಡ್ಕೊಂಡು. ಅಪೆಕ್ಸ್ ಅನ್ನೋ ಪಾತ್ರದಲ್ಲಿ ಒಂದೇ ದೇಹದಲ್ಲಿ ಅಣ್ಣ ತಂಗಿ ಇಬ್ರು ಇರ್ತಾರೆ, ಕೇಟಿ ವಿಷ, ಟಿಮ್ ಪಾಪದವ್ನು. ಇಂಥದ್ದನ್ನ ಮಾತಲ್ಲಿ ವಿವರಿಸಿದ್ರೆ ತಲೆ ಕೆಡುತ್ತೆ, ಚಿತ್ರದಲ್ಲಿ ಮುಖ ಬದಲಾಯ್ತು ಅಂದ್ರೆ ಮುಗೀತು. ಫ್ರಾಂಕ್ ಮಾರ್ಟಿನ್ ಬಣ್ಣಾನೂ ಕಿರುಚಲ್ಲ, ಅದು ಒಳ್ಳೇದಾಯ್ತು.

ಡೆತ್‌ಲಾಕೆಟ್ ಅನ್ನೋಳಿಗೆ ಅರ್ಧ ಮುಖ, ಒಂದು ಕೈ ಯಂತ್ರ, ಆ ಕೈಯೇ ಆಯುಧ. ನಮ್ಮದು ಮನೇಲಿ ಕೋವಿ ಇರೋ ಊರು, ಕೈಲ್ ಪೊಳ್ದಿಗೆ (ಕೊಡವರ ಆಯುಧ ಹಬ್ಬ) ಹೂವಿಟ್ಟು ಪೂಜೆ ಮಾಡಿ ತೆಗೆದಿಡೋದನ್ನ ನೋಡ್ಕೊಂಡೇ ಬೆಳೆದ ನನ್ನ ತಮ್ಮ ಅವ್ಳನ್ನ ನೋಡಿ, "ಕೋವಿ ಆದ್ರೆ ಗೋಡೆಗೆ ಒರಗ್ಸಿ ಇಡಬಹುದು ಅಣ್ಣ, ಕೈಯೇ ಕೋವಿ ಆದ್ರೆ ಇವ್ಳು ಎಲ್ಲಿ ಇಡ್ತಾಳೆ" ಅಂದ. ನಾನು ಇಷ್ಟುದ್ದ ಬರೆದಿರೋದ್ರಲ್ಲಿ ಅಷ್ಟು ಒಳ್ಳೇ ವಿಮರ್ಶೆ ಎಲ್ಲೂ ಇಲ್ಲ ಬಿಡಿ.

ಬೇಜಾರಾಗಿದ್ದು ಎರಡು. ಒಂದು, ಮಧ್ಯೆ ಮಧ್ಯೆ ಕಲಾವಿದರು ಬದಲಾಗ್ತಾರೆ, ಅಲೆಸ್ಸಾಂಡ್ರೋ ವಿಟ್ಟಿ, ರಿಕಾರ್ಡೋ ಬುರ್ಕಿಯೆಲ್ಲಿ ಕೆಟ್ಟವ್ರೇನಲ್ಲ, ಆದ್ರೆ ವಾಕರ್ ಮುಖಗಳಿಗೆ ಕಣ್ಣು ಒಗ್ಗಿದ್ ಮೇಲೆ ಬೇರೆ ಕೈ ಬಂದ್ರೆ ಅದೇ ಹುಡುಗಿ ಹೌದೋ ಅಲ್ವೋ ಅಂತ ಎರಡು ಪುಟ ತಿರುಗಿ ನೋಡ್ಬೇಕಾಗುತ್ತೆ. ಇನ್ನೊಂದು ದೊಡ್ಡ ತಕರಾರು, ಆಟ ಮೋಸದ್ದು. ವುಲ್ವರೀನ್‌ನ ಕ್ಲೋನ್ ಹುಡುಗಿ ಎಕ್ಸ್-23 ಥರದ ಹೆಸರುವಾಸಿ ಪಾತ್ರಾನ ಕಂಪ್ನಿ ಸಾಯೋಕೆ ಬಿಡಲ್ಲ ಅಂತ ಓದೋನಿಗೆ ಮೊದ್ಲೇ ಗೊತ್ತು, ಈ ಪುಸ್ತಕಕ್ಕೇ ಅಂತ ಹೊಸದಾಗಿ ಮಾಡಿದ ಪಾತ್ರಗಳ ಮೇಲೆ ಕತ್ತಿ ಸಲೀಸಾಗಿ ಬೀಳುತ್ತೆ. ನೀಕೋ ಅನ್ನೋ ಮಂತ್ರಗಾತಿ ಹುಡುಗಿ ಸತ್ತು ಆಮೇಲೆ ಎದ್ದು ಬರೋದಂತೂ, ದೃಶ್ಯ ಚೆನ್ನಾಗಿದೆ, ಅವಳ ಮಂತ್ರದ ಕೋಲಲ್ಲಿ ಒಂದ್ಸಲ ಹೇಳಿದ ಮಂತ್ರ ಇನ್ನೊಂದ್ಸಲ ನಡೆಯಲ್ಲ ಅನ್ನೋ ರೂಲ್ ನನಗೆ ಬಹಳ ಇಷ್ಟ, ಆದ್ರೆ ಒಬ್ಳು ಎದ್ದು ಬಂದ್ಮೇಲೆ ಮುಂದಿನ ಸಾವಿಗೆ ಹೆದರ್ಕೊಳೋದಾದ್ರೂ ಯಾಕೆ.

ಕೊನೇಲಿ ಆರ್ಕೇಡ್ ಆ ವಿಡಿಯೋ ಎಲ್ಲ ಇಂಟರ್ನೆಟ್ಟಿಗೆ ಹಾಕ್ಬಿಡ್ತಾನೆ. ಬದುಕಿ ಬಂದವ್ರು ಒಳಗೆ ಏನೇನ್ ಮಾಡಿದ್ರು ಅಂತ ಊರಿಗೆಲ್ಲ ಗೊತ್ತಾಗುತ್ತೆ. 2014ರಲ್ಲಿ ಅಲ್ಲಿಂದಾನೇ ಮುಂದುವರ್ದ ಅವೆಂಜರ್ಸ್ ಅಂಡರ್‌ಕವರ್ 10 ಸಂಚಿಕೆ ಬಂತು, ಅದನ್ನ ಈಗ ಶುರು ಮಾಡಿದೀನಿ, ಇಲ್ಲಿ ಆಟ ಇಲ್ಲ, ಟೈಮರ್ ಇಲ್ಲ, ಬರೀ ಆ ಮಕ್ಳು ಮತ್ತೆ ಅವ್ರನ್ನ ನೋಡಿ ಪಿಸುಗುಟ್ಟೋ ಜನ, ಇಷ್ಟರವರೆಗೆ ನೋಡಿದ್ರೆ ನನಗೆ ಟೂರ್ನಮೆಂಟಿಗಿಂತ ಇದೇ ಜಾಸ್ತಿ ಹಿಡಿಸ್ತಾ ಇದೆ.