ಅಲ್ಲ, ‘ಕರುಸೊ’ ಪವರೋಟಿಯ ಹಾಡಲ್ಲ

‘ಅದು ಪವರೋಟಿ ಹಾಡಲ್ವಾ?’ ನನ್ನ ಫೋನಿನಲ್ಲಿ ‘ಕರುಸೊ’ ಅನ್ನುವ ಇಟಾಲಿಯನ್ ಹಾಡು ಕೇಳಿಸಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ. ಪವರೋಟಿ ಅಂದರೆ ಇಟಲಿಯ ಹೆಸರಾಂತ ಒಪೆರಾ (ಸಂಗೀತ ನಾಟಕ) ಗಾಯಕ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲ. ಅದು ಇಟಲಿಯ ಗಾಯಕ ಲೂಚೊ ದಾಲ್ಲಾನ ಹಾಡು. ಸಾಹಿತ್ಯ ಅವನದು, ರಾಗ ಅವನದು, 1986ರಲ್ಲಿ ಮೊದಲು ಹಾಡಿದವನೂ ಅವನೇ. ಪವರೋಟಿ ಹಾಡಿದ್ದು ಆಮೇಲೆ. 1992ರಲ್ಲಿ ಇಟಲಿಯ ಮೊದೆನಾದಲ್ಲಿ ಇಬ್ಬರೂ ಒಟ್ಟಿಗೇ ಹಾಡಿದರು.

ಕಳೆದ ವರ್ಷ ಒಂದು ಗೃಹಪ್ರವೇಶ ಮುಗಿಸಿ ವಾಪಸ್ ಬರುವಾಗ ಕಾರಿನಲ್ಲಿ ದಾಲ್ಲಾನ ದನಿಯಲ್ಲೇ ಈ ಹಾಡು ಹಾಕಿದ್ದೆ. ಹಿಂದೆ ಕೂತಿದ್ದ ಭಾವ, ‘ಯಾರೋ ಇವನು, ಗಂಟಲು ಕೆಟ್ಟಿದೆ. ಒರಿಜಿನಲ್ ಹಾಕೋ’ ಅಂದರು. ನಾನು ಹಾಡನ್ನೇ ನಿಲ್ಲಿಸಿಬಿಟ್ಟೆ. ಊರು ಬರುವವರೆಗೆ ಮಾತಾಡಲಿಲ್ಲ.

ಆ ಗಂಟಲಿಗಾಗಿಯೇ ಕೇಳಬೇಕು ಭಾವ. ಇಟಲಿಯ ಸಮುದ್ರತೀರದ ಊರು ಸೊರೆಂತೊ ಹತ್ತಿರ ದಾಲ್ಲಾನ ದೋಣಿ ಕೆಟ್ಟು, ಅಲ್ಲಿನ ಒಂದು ಹೋಟೆಲಿನಲ್ಲಿ ಉಳಿಯಬೇಕಾಯಿತು. ಒಪೆರಾ ಗಾಯಕ ಎನ್ರಿಕೊ ಕರುಸೊ ಸಾಯುವ ಮುಂಚೆ ಇದ್ದ ಕೋಣೆಯೇ ಇವನಿಗೆ ಸಿಕ್ಕಿತು. 1921ರಲ್ಲಿ ತೀರಿಕೊಂಡಾಗ ಕರುಸೊಗೆ ಬರೀ 48 ವರ್ಷ. ಅವನ ಕೊನೆಯ ದಿನಗಳ ಕಥೆಯನ್ನು, ಅವನ ಹತ್ತಿರ ಹಾಡು ಕಲಿಯುತ್ತಿದ್ದ ಹುಡುಗಿಯ ಕಥೆಯನ್ನು ಹೋಟೆಲಿನವರು ಹೇಳಿದರು. ಆ ಕಥೆಯಿಂದಲೇ ಈ ಹಾಡು. ಹಾಡಿನ ಶುರುವಿನಲ್ಲೇ ಒಬ್ಬ, ಅತ್ತು ಸುಮ್ಮನಾದ ಹುಡುಗಿಯನ್ನು ತಬ್ಬಿಕೊಂಡು, ಗಂಟಲು ಸರಿಮಾಡಿಕೊಂಡು ಮತ್ತೆ ಹಾಡತೊಡಗುತ್ತಾನೆ. ಸಾವು ಹತ್ತಿರ ಬಂದವನ ಗಂಟಲು ಅದು. ದಾಲ್ಲಾನ ಒರಟು ದನಿಯಲ್ಲಿ ಆ ಸಾಲು ನಿಜ ಅನ್ನಿಸುತ್ತದೆ. ಪವರೋಟಿಯದು ಸರಿಮಾಡಿಕೊಳ್ಳಬೇಕಾದ ಗಂಟಲೇ ಅಲ್ಲ.

ಯಾರಾದರೂ ನನ್ನನ್ನು ಬೇರೆ ಪ್ರಶ್ನೆ ಕೇಳಬಾರದಾ? ‘ದಾಲ್ಲಾ ತನ್ನ ಹಾಡಿಗೆ ಸ್ವಂತ ಮಾತು ಬರೆಯಲು ಅಷ್ಟು ವರ್ಷ ಯಾಕೆ ಕಾದ?’ ಅಂತ ಕೇಳಿ, ಇಡೀ ರಾತ್ರಿ ಹೇಳುತ್ತೇನೆ.

ಬೊಲೊನ್ಯಾದ ಹುಡುಗ. ಏಳು ವರ್ಷಕ್ಕೇ ಅಪ್ಪ ಇಲ್ಲ, ಅಮ್ಮ ಬಟ್ಟೆ ಹೊಲಿಯುತ್ತಿದ್ದರು. ಜಾಝ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ಬೆಳೆದ. 1971ರ ಸಾನ್‌ರೆಮೊ ಹಾಡಿನ ಸ್ಪರ್ಧೆಯಲ್ಲಿ ಮೂರನೇ ಸ್ಥಾನ ಬಂತು. ಆ ಹಾಡಿನ ಹೆಸರೇ ‘4 ಮಾರ್ಚ್ 1943’, ಅವನು ಹುಟ್ಟಿದ ದಿನ. ಸೆನ್ಸಾರ್ ಕಾಟಕ್ಕೆ ಮೊದಲಿನ ಹೆಸರು ಹೋಗಿ ಇದು ಬಂದದ್ದು. ಆದರೆ ಸಾಹಿತ್ಯ ಪಾವೊಲಾ ಪಲ್ಲೊತ್ತಿನೊ ಅವರದು. ಆಮೇಲೆ ಮೂರು ಆಲ್ಬಂ ಕವಿ ರೊಬೆರ್ತೊ ರೊವೆರ್ಸಿ ಜೊತೆ. ಮೂರನೆಯದರ ಹೊತ್ತಿಗೆ ಮನಸ್ತಾಪ. ರೆಕಾರ್ಡ್ ಕಂಪನಿ ಹಾಡುಗಳನ್ನು ಕತ್ತರಿಸಿತು ಅಂತ ರೊವೆರ್ಸಿ ತನ್ನ ಹೆಸರನ್ನೇ ಹಾಕಿಸಲಿಲ್ಲ, ಬೇರೆ ಹೆಸರು ಕೊಟ್ಟ.

ಕವಿ ಹೋದ. ದಾಲ್ಲಾಗೆ 34. ಬೇರೊಬ್ಬ ಕವಿಯನ್ನು ಹುಡುಕಬಹುದಿತ್ತು. ತಾನೇ ಪೆನ್ನು ಹಿಡಿದ. 1977ರ ‘ಸಮುದ್ರ ಎಷ್ಟು ಆಳ’ ಆಲ್ಬಂನ ಸಾಹಿತ್ಯ ಅವನದೇ. ಅಲ್ಲಿಂದ ಒಂಬತ್ತು ವರ್ಷಕ್ಕೆ ‘ಕರುಸೊ’. ಅದನ್ನು ‘ಪವರೋಟಿದು’ ಅಂದಾಗ ನನಗೆ ಉರಿಯುವುದು ಇದಕ್ಕೇ. ಅಷ್ಟು ತಡವಾಗಿ, ಅಷ್ಟು ಕಷ್ಟಕ್ಕೆ ಸಿಕ್ಕ ಮಾತನ್ನು ಅವನಿಂದ ಕಿತ್ತುಕೊಂಡ ಹಾಗೆ.

2012ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಮೊಂತ್ರೊದಲ್ಲಿ ಹೃದಯಾಘಾತದಿಂದ ಹೋದ. ಹಿಂದಿನ ರಾತ್ರಿ ಅಲ್ಲೇ ಹಾಡಿದ್ದ. ಬೊಲೊನ್ಯಾದ ಸಾನ್ ಪೆತ್ರೊನಿಯೊ ಚರ್ಚಿನಲ್ಲಿ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆದದ್ದು ಮಾರ್ಚ್ 4ಕ್ಕೆ.

ಭಾವ, ಮುಂದಿನ ಸಲ ಕಾರಿನಲ್ಲಿ 1977ರ ಆಲ್ಬಂ ಹಾಕುತ್ತೇನೆ. ಪೂರ್ತಿ ಕೇಳಿ, ಆಮೇಲೆ ಮಾತಾಡೋಣ.