ಹಟ್ಟಿಯಲ್ಲಿ ಅರೆಯುವುದು ಕಲ್ಲು, ಮೋಶೆ ಅರೆದದ್ದು ಬಂಗಾರ

ಹೋದ ಶನಿವಾರ ನಾನು, ನಮ್ಮ ಮನೆಯವರು ರಾಯಚೂರಿನಿಂದ ಬೆಳಿಗ್ಗೆಯೇ ಬಸ್ ಹತ್ತಿ ಚಿನ್ನದ ಗಣಿಯ ಊರು ಹಟ್ಟಿಗೆ ಹೋದೆವು. ಹತ್ತಿ ಬಿಡಿಸುವ ಕಾಲ. ಕರಿ ಹೊಲಗಳ ತುಂಬ ಬಿಳಿ ಬಿಳಿ ಕಾಣುತ್ತಿತ್ತು, ನಡುನಡುವೆ ಕಲ್ಲುಗುಡ್ಡ. ನಮ್ಮ ಚರ್ಚಿನ ಸಭೆಯ ಅಣ್ಣ ಒಬ್ಬರು ಅಲ್ಲಿನ ಗಣಿಯಲ್ಲಿ ದುಡಿದು ನಿವೃತ್ತರಾದವರು, ಬಹಳ ದಿನದಿಂದ ಮನೆಗೆ ಕರೆಯುತ್ತಿದ್ದರು.

ಗಣಿಯೊಳಗೆ ಸುಮ್ನೆ ಬಿಡುವುದಿಲ್ಲ. ಗಣಿಗೆ ಇಳಿಯುವ ಬಾವಿಯ (ಶಾಫ್ಟಿನ) ಮೇಲಿನ ಕಬ್ಬಿಣದ ಗೋಪುರ, ಅರೆದು ಬಿಟ್ಟ ಮಣ್ಣಿನ ದಿಬ್ಬ ಹೊರಗಿನಿಂದಲೇ ನೋಡಿದೆವು. ಈ ಸೀಮೆಯಲ್ಲಿ ಬಂಗಾರದ ಹುಡುಕಾಟ ಬಹಳ ಹಳೆಯದು. ಹತ್ತಿರದ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕಿದ್ದೂ ಚಿನ್ನದ ಗಣಿಯ ಎಂಜಿನಿಯರ್ ಒಬ್ಬರ ಕಣ್ಣಿಗೇ.

ರೊಟ್ಟಿ, ಪುಂಡಿ ಪಲ್ಯ ಉಣ್ಣುತ್ತಾ ಅಣ್ಣನನ್ನು ಕೇಳಿದೆ, ಬಂಗಾರ ಎಷ್ಟು ಸಿಗುತ್ತೆ ಅಂತ.

"ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಬರ್ತದವ್ವ. ಕಲ್ಲು ಹಿಟ್ಟಿನಂಗ ಅರಿಬೇಕು, ನೀರು ಬೆರೆಸಬೇಕು, ಸೈನೈಡ್ ಹಾಕಬೇಕು."

ಹಿಟ್ಟು, ನೀರು ಅಂದ ಕೂಡಲೇ ನನಗೆ ಬೈಬಲಿನ ವಿಮೋಚನಕಾಂಡದ 32ನೇ ಅಧ್ಯಾಯ ನೆನಪಾಯಿತು. ಇಸ್ರಾಯೇಲ್ಯರ ನಾಯಕ ಮೋಶೆ ದೇವರ ಬಳಿ ಹೋದವನು ಬೆಟ್ಟದಿಂದ ಇಳಿಯುವುದು ತಡವಾಯಿತು, ಜನರಿಗೆ ತಾಳ್ಮೆ ಇರಲಿಲ್ಲ, ಹೆಂಡಂದಿರು ಮಕ್ಕಳ ಕಿವಿಯ ಚಿನ್ನ ಬಿಚ್ಚಿ ಮೋಶೆಯ ಅಣ್ಣ ಆರೋನನ ಕೈಗೆ ಕೊಟ್ಟರು, ಅವನು ಪೂಜೆಗೆ ಚಿನ್ನದ ಕರು ಮಾಡಿದ. ಮೋಶೆ ಬಂದು ಅದನ್ನು ಸುಟ್ಟು, ಅರೆದು ಪುಡಿ ಮಾಡಿ, ನೀರಿಗೆ ಹಾಕಿ ಅವರಿಗೇ ಕುಡಿಸಿದ. ಮುಂದೆ 35ನೇ ಅಧ್ಯಾಯದಲ್ಲಿ ಅದೇ ಜನ ದೇವದರ್ಶನದ ಗುಡಾರಕ್ಕೆ, ಅಂದರೆ ದೇವರ ಆರಾಧನೆಯ ಡೇರೆಗೆ, ಮನಸ್ಸಾರೆ ಒಡವೆ ತಂದು ಕೊಡುತ್ತಾರೆ. ಓಲೆ, ಉಂಗುರ, ಅದೇ ಬಂಗಾರ.

ಮಧ್ಯಾಹ್ನ ಮುದಗಲ್ಲಿಗೆ ಹೋದೆವು. ಕೋಟೆ ಬೇಗ ಬೇಗ ನೋಡಿ ಹಳೆಯ ಕಥೋಲಿಕ ಚರ್ಚಿಗೆ ಹೋಗಿ ಕೂತೆವು. ನಮ್ಮ ಪ್ರೊಟೆಸ್ಟೆಂಟ್ ಸಭೆಗಳ ಪ್ರಸಂಗದಲ್ಲಿ, ಅಂದರೆ ಉಪದೇಶದಲ್ಲಿ, ವಿಗ್ರಹ ಅಂದರೆ ಬೇರೆಯವರ ಗುಡಿ, ಇಲ್ಲಾ ಕಥೋಲಿಕರ ಪ್ರತಿಮೆ. ಇದು ನನಗೆ ಮೊದಲಿಂದ ಸರಿಬರುವುದಿಲ್ಲ. ಪ್ರತಿಮೆಗೆ ಗೌರವ, ಆರಾಧನೆ ದೇವರಿಗೆ ಮಾತ್ರ ಎಂದು ಅವರ ಸಭೆ ಕ್ರಿ.ಶ. 787ರಲ್ಲಿ ನಿಕೇಯ ಊರಿನಲ್ಲಿ ನಡೆದ ಧರ್ಮಗುರುಗಳ ಸಮ್ಮೇಳನದಲ್ಲೇ ಹೇಳಿದೆ. ಯೇಸುವಿನ ಅಪೊಸ್ತಲ ಪೌಲನು ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಬರೆದದ್ದು ಲೋಭವೇ ವಿಗ್ರಹಾರಾಧನೆ ಎಂದು. ಅದು ನಮಗೇ ಬರೆದದ್ದು, ಅಲ್ವಾ?

ಬೈಬಲಿನಲ್ಲೇ ಇರುವ ತಾಮ್ರದ ಸರ್ಪದ ಕಥೆ ಇನ್ನೂ ಜಾಸ್ತಿ ಚುಚ್ಚುತ್ತದೆ. ಹಾವು ಕಚ್ಚಿದವರು ಅದನ್ನು ನೋಡಿ ಬದುಕಲಿ ಎಂದು ದೇವರೇ ಮೋಶೆಯಿಂದ ಮಾಡಿಸಿದ್ದು. ಎಷ್ಟೋ ಕಾಲದ ಮೇಲೆ ಜನ ಅದಕ್ಕೇ ಧೂಪ ಹಾಕುತ್ತಿದ್ದರು. ಕೊನೆಗೆ ಯೆಹೂದದ ಹಿಜ್ಕೀಯ ರಾಜ ಅದನ್ನು ಒಡೆದು ಹಾಕಬೇಕಾಯಿತು.

ನಮ್ಮ ಅವ್ವ ಸಾಯುವ ಮುಂಚೆ ನಾಲ್ಕು ತೊಲೆಯ ಸರ ನನ್ನ ಕೈಗಿಟ್ಟು "ಕಷ್ಟಕ್ಕ ಆಗ್ತದ" ಅಂದಿದ್ದಳು. ಹೋದ ವರ್ಷ ತಮ್ಮನಿಗೆ ಆಪರೇಷನ್ ಆದಾಗ, ಅಕ್ಕಾ, ಸರ ಅಡವಿಟ್ಟು ಕೊಡು, ಬಿಡಿಸಿಕೊಡ್ತೀನಿ ಅಂದ. ಆಗಲೇ ಅಡವಿಟ್ಟಿದ್ದೇನೆ ಅಂತ ಸುಳ್ಳು ಹೇಳಿದೆ. ಸರ ಲಾಕರಿನಲ್ಲೇ ಇತ್ತು. ಅವ್ವನ ನೆನಪು ಅಂತ ನನಗೆ ನಾನೇ ಹೇಳಿಕೊಂಡೆ. ಅವನು ಬಡ್ಡಿಗೆ ಸಾಲ ಮಾಡಿದ. ಆ ಭಾನುವಾರವೂ ನಾನು ಆರಾಧನೆಗೆ ಹೋಗಿ ಹಾಡಿದ್ದೆ.

ವಾಪಸ್ ಬರುವಾಗ ಬಸ್ಸಿನಿಂದಲೇ ತಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಗೊತ್ತಿತ್ತಕ್ಕಾ" ಅಂದ.

ಅವನ ಸಾಲ ಇನ್ನೂ ತೀರಿಲ್ಲ. ಸೋಮವಾರ ಬ್ಯಾಂಕಿಗೆ ಹೋಗುತ್ತಿದ್ದೇನೆ.